ಮಗಳು ಹೇಳಲು ಬಂದಾಗ

ಸ್ಟುಡಿಯೋಗೆ ಮೊದಲ ಬಾರಿ ಬರುವ ಅತಿಥಿಗಳ ವಿಷಯದಲ್ಲಿ ನಾವು ಒಂದು ನಿಯಮ ಪಾಲಿಸುತ್ತೇವೆ. ಅವರ ಮೊದಲ ಮಾತನ್ನು ನಡುವೆ ತಡೆಯಬಾರದು. ತಡೆದರೆ ಆಮೇಲೆ ಅವರು ಮನಬಿಚ್ಚುವುದಿಲ್ಲ; ಹೌದು, ಇಲ್ಲ ಎಂದು ಮುಗಿಸಿಬಿಡುತ್ತಾರೆ. ಎಷ್ಟೋ ವರ್ಷ ಈ ನಿಯಮ ಪಾಲಿಸಿದ ನಾನು ಮನೆಯಲ್ಲಿ ಮಾತ್ರ ಅದನ್ನು ಮರೆತೆ.

ನನ್ನ ಮಗಳು ಆಗ ಒಂಬತ್ತನೇ ತರಗತಿಯಲ್ಲಿದ್ದಳು. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಬಸ್ಸಲ್ಲಿ ಒಬ್ಬ ದಿನಾ ಮೈಗೆ ತಾಗಿಕೊಂಡೇ ನಿಲ್ತಾನೆ" ಎಂದಳು. ನಾನು ಒಗ್ಗರಣೆ ಹಾಕುತ್ತಲೇ, "ನೀನ್ಯಾಕೆ ಅಲ್ಲಿ ಹೋಗಿ ನಿಂತೆ? ಮುಂದೆ ಹೆಂಗಸರ ಕಡೆ ನಿಲ್ಲೋದಕ್ಕೇನು?" ಎಂದೆ. ಅವಳು "ಸರಿ" ಎಂದು ಹೊರಟುಹೋದಳು. ವಿಷಯ ಅಲ್ಲಿಗೆ ಮುಗಿಯಿತೆಂದು ತಿಳಿದೆ.

ನಾಲ್ಕು ತಿಂಗಳ ನಂತರ, ಹೊಸ ಚಪ್ಪಲಿ ಅಷ್ಟು ಬೇಗ ಸವೆದದ್ದೇಕೆಂದು ಗದರಿಸಿದಾಗ ನಿಜ ಹೊರಬಿತ್ತು. ಆ ಬಸ್ಸನ್ನೇ ಬಿಟ್ಟು ಅವಳು ದಿನವೂ ಮೂರು ಕಿಲೋಮೀಟರ್ ನಡೆದು ಬರುತ್ತಿದ್ದಳು. "ನನಗ್ಯಾಕೆ ಹೇಳಲಿಲ್ಲ?" ಎಂದೆ. "ಹೇಳಿದ್ದೆನಲ್ಲಮ್ಮಾ. ಇನ್ನೊಂದು ಸಲ ಹೇಳಿದ್ರೆ ಸಂಗೀತದ ಕ್ಲಾಸೇ ಬಿಡಿಸ್ತಿದ್ದೆ" ಎಂದಳು. ಅವಳ ಊಹೆ ಸರಿಯಾಗಿತ್ತು, ನಾನು ಬಿಡಿಸಿಯೇಬಿಡುತ್ತಿದ್ದೆ.

ನಾನು ವಿಜ್ಞಾನ ಓದಿದವಳು. ಹದಿಹರೆಯದಲ್ಲಿ ಮಿದುಳಿನ ಭಾವನೆಯ ಭಾಗಗಳು ಬಹಳ ಚುರುಕಾಗಿರುತ್ತವೆ. ಸಂಯಮ, ಮುಂದಾಲೋಚನೆಗಳನ್ನು ನೋಡಿಕೊಳ್ಳುವ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ನಿದ್ದೆ ತರಿಸುವ ಮೆಲಟೋನಿನ್ ಕೂಡ ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಇದೆಲ್ಲ ಗೊತ್ತಿದ್ದೂ ನಾವು ಮಾಡುವುದೇನು? ತಡವಾಗಿ ಎದ್ದರೆ ಸೋಮಾರಿ, ಎದುರು ಮಾತಾಡಿದರೆ ಉದ್ಧಟತನ, ಕೋಣೆಯ ಬಾಗಿಲು ಮುಚ್ಚಿದರೆ ಏನೋ ಗುಟ್ಟು, ಫೋನ್ ನೋಡಿ ನಕ್ಕರೆ ಯಾರೋ ಹುಡುಗ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ಇದರ ಹಿಂದೆ ಇರುವುದು ನಮ್ಮ ಭಯ. ನಾಲ್ಕು ಜನ ಏನೆಂದಾರು ಎಂಬ ಭಯ. ಮಗಳಿಗೆ ಏನಾದರೂ ಆದೀತೆಂಬ ಭಯ. ಭಯ ಸುಳ್ಳಲ್ಲ. ಆದರೆ ಅದರಿಂದ ನಾವು ಹುಡುಗಿಯ ಓದು, ಸ್ನೇಹ, ಓಡಾಟಗಳನ್ನು ನಿಲ್ಲಿಸಿದರೆ, ತಪ್ಪು ಮಾಡಿದವನು ಹಾಯಾಗಿರುತ್ತಾನೆ, ಹೇಳಿದವಳಿಗೆ ಶಿಕ್ಷೆಯಾಗುತ್ತದೆ. ಮುಂದಿನ ಸಲ ಅವಳು ಹೇಳುವುದಿಲ್ಲ. ಆ ಮುಂದಿನ ಸಂಗತಿ ಬಸ್ಸಿನದಕ್ಕಿಂತ ದೊಡ್ಡದಾಗಿರಬಹುದು.

ಅಂದ ಮೇಲೆ ಮಗಳು ಹೇಳಲು ಬಂದಾಗ ಏನು ಮಾಡಬೇಕು? ಪೂರ್ತಿ ಕೇಳಿ. "ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. ಏನು ಮಾಡೋಣವೆಂದು ಅವಳನ್ನೇ ಕೇಳಿ. ಅವಳ ಮಾತನ್ನು ನೆಂಟರಿಷ್ಟರ ಮುಂದೆ ಆಡಬೇಡಿ. ಕಿರುಕುಳದ ವಿಷಯವಾದರೆ ಮುಚ್ಚಿಡಬೇಡಿ. 18 ವರ್ಷದೊಳಗಿನವರಿಗಾಗಿ 2012ರ ಪೋಕ್ಸೊ ಕಾಯ್ದೆ ಇದೆ. ಅದರಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು. ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತ.

ನಾವೂ ಠಾಣೆಗೆ ತಿಳಿಸಿದೆವು. ಮಗಳ ಜೊತೆ ಒಂದು ವಾರ ನಾನೂ ಅದೇ ಬಸ್ಸಿನಲ್ಲಿ ಓಡಾಡಿದೆ. ಸಂಗೀತ ನಿಲ್ಲಲಿಲ್ಲ.

ಈಗಲೂ ಅವಳು ಏನನ್ನಾದರೂ ಹೇಳುವ ಮೊದಲು ಒಂದು ಗಳಿಗೆ ನನ್ನ ಮುಖ ನೋಡುತ್ತಾಳೆ. ಆಗ ನಾನು ಒಲೆ ಆರಿಸಿ ಕುಳಿತುಕೊಳ್ಳುತ್ತೇನೆ. ಸಾರು ಐದು ನಿಮಿಷ ತಡವಾದರೆ ಯಾರೂ ಉಪವಾಸ ಬೀಳುವುದಿಲ್ಲ. ಇಂದು ಸಂಜೆ ನೀವೂ ಹಾಗೆ ಮಾಡಿ ನೋಡಿ.