ತಾನೇ ಹೆತ್ತ ಜಿಟಿಕೆಯ ಹಿಂದೆ ಗಿಂಪ್

ಕಂಪ್ಯೂಟರ್ ಪರದೆಯ ಗುಂಡಿ, ಮೆನು, ಕಿಟಕಿಗಳನ್ನು ಪ್ರತಿ ತಂತ್ರಾಂಶವೂ ಹೊಸದಾಗಿ ಬರೆದುಕೊಳ್ಳುವುದಿಲ್ಲ. ಅವನ್ನು ಸಿದ್ಧವಾಗಿ ಒದಗಿಸುವ ಟೂಲ್‌ಕಿಟ್‌ಗಳಿವೆ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಚಿತ್ರ ತಿದ್ದುವ ಗಿಂಪ್ ತಂತ್ರಾಂಶವನ್ನು ಆರಂಭಿಸಿದಾಗ ನೆಚ್ಚಿಕೊಂಡದ್ದು ಮೋಟಿಫ್ ಎಂಬ ಟೂಲ್‌ಕಿಟ್ಟನ್ನು. ಗಿಂಪ್ ಎಲ್ಲರಿಗೂ ಮುಕ್ತ, ಮೋಟಿಫ್‌ಗೆ ಮಾತ್ರ ಆಗ ಹಣ ಕೊಟ್ಟು ಪರವಾನಗಿ ಪಡೆಯಬೇಕಿತ್ತು. ಈ ಇಕ್ಕಟ್ಟಿನಿಂದ ಪಾರಾಗಲು ಮ್ಯಾಟಿಸ್ ತಾವೇ ಜಿಟಿಕೆ ಎಂಬ ಟೂಲ್‌ಕಿಟ್ಟನ್ನು ಬರೆದರು. 1997ರಲ್ಲಿ ಲಿನಕ್ಸ್‌ನಂಥ ವ್ಯವಸ್ಥೆಗಳಿಗೆ ಡೆಸ್ಕ್‌ಟಾಪ್ ಕಟ್ಟಹೊರಟ ಗ್ನೋಮ್ ಯೋಜನೆಯೂ ಅದನ್ನೇ ಆರಿಸಿಕೊಂಡ ಮೇಲೆ ಜಿಟಿಕೆ ಗಿಂಪ್‌ನ ಮನೆಯ ಸ್ವತ್ತಾಗಿ ಉಳಿಯಲಿಲ್ಲ. ನನ್ನ ವಾದ ಇಲ್ಲಿಂದಲೇ ಹೊರಡುತ್ತದೆ: ಟೂಲ್‌ಕಿಟ್ಟನ್ನು ಬದಲಿಸುವವರು ಒಬ್ಬರು, ಆ ಬದಲಾವಣೆಯ ದುಡಿಮೆ ಹೊರುವವರು ಇನ್ನೊಬ್ಬರು.

2002ರಲ್ಲಿ ಜಿಟಿಕೆ 2 ಬಂತು. ಅದರ ಜೊತೆ ಬಂದ ಪ್ಯಾಂಗೋ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಆಧರಿಸಿತ್ತು. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳು ಜಿಟಿಕೆ ಬಳಸುವ ತಂತ್ರಾಂಶಗಳಲ್ಲಿ ಸರಿಯಾಗಿ ಮೂಡಲು ದಾರಿಯಾದದ್ದು ಹೀಗೆ. ಹೊಸತನ ಬರೀ ಬಣ್ಣ ಬಳಿಯುವ ಕೆಲಸ ಎನ್ನುವವರು ಇದನ್ನು ಮರೆಯಬಾರದು. 2004ರ ಹೊತ್ತಿಗೆ ಗಿಂಪ್ ಕೂಡ ಜಿಟಿಕೆ 2ಕ್ಕೆ ಒಗ್ಗಿಕೊಂಡಿತು. ಆದರೆ 2011ರಲ್ಲಿ ಬಂದ ಜಿಟಿಕೆ 3ನ್ನು ಅಪ್ಪಿಕೊಂಡ ಗಿಂಪ್ 3.0 ಬಿಡುಗಡೆಯಾದದ್ದು 2025ರಲ್ಲಿ!

ಹದಿನಾಲ್ಕು ವರ್ಷ ಎಂದರೆ ಸೋಮಾರಿತನವಲ್ಲವೇ ಎಂದು ಕೇಳಬಹುದು. ಅಲ್ಲ. ಆ ಅವಧಿಯಲ್ಲಿ ಕೈಬೆರಳೆಣಿಕೆಯ ಸ್ವಯಂಸೇವಕರು ಚಿತ್ರ ಸಂಸ್ಕರಣೆಯ ಒಡಲನ್ನೇ ಗೆಗಲ್ ಎಂಬ ಹೊಸ ಎಂಜಿನ್ನಿಗೆ ಸಾಗಿಸುತ್ತಿದ್ದರು, 2018ರ 2.10 ಆವೃತ್ತಿ ಅದರ ಫಲ. ಒಳಗಿನದು ಮೊದಲು, ಹೊರಗಿನದು ಆಮೇಲೆ ಎಂಬ ಆ ಕ್ರಮ ನನಗೆ ಸರಿಯೆನಿಸುತ್ತದೆ. ಅತ್ತ ಜಿಟಿಕೆ 3ರ ಆರಂಭದ ಆವೃತ್ತಿಗಳಲ್ಲಿ ಪರದೆಯ ರೂಪ ನಿರ್ಧರಿಸುವ ಥೀಮುಗಳು ಪದೇ ಪದೇ ಮುರಿದುಬೀಳುತ್ತಿದ್ದವು. ಕಾದವರು ತೀರಾ ದಡ್ಡರೇನಲ್ಲ. ಹಾಗಾದರೆ ಹಳೆಯದರಲ್ಲೇ ಇರಬಹುದಿತ್ತಲ್ಲ? ಅದೂ ಆಗದ ಮಾತು. ಬಿಂದುಗಳು ದಟ್ಟವಾದ ಹೊಸ ಪರದೆಗಳ ಮೇಲೆ ಹಳೆಯ ಗುಂಡಿಗಳು ಸಾಸಿವೆಯಂತೆ ಕಾಣುತ್ತಿದ್ದವು, ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ನೇರ ಬೆಂಬಲವಿರಲಿಲ್ಲ, 2020ರ ಡಿಸೆಂಬರಿನಲ್ಲಿ ಜಿಟಿಕೆ 4 ಬಂದಾಗ ಜಿಟಿಕೆ 2ರ ನಿರ್ವಹಣೆಯೇ ನಿಂತುಹೋಯಿತು. ಹೀಗಾಗಿ ಗಿಂಪ್ 3.0 ಬಂದ ದಿನವೇ ಅದರ ಟೂಲ್‌ಕಿಟ್ ಒಂದು ತಲೆಮಾರು ಹಿಂದಿತ್ತು. ಇನ್ನು ಗಿಂಪ್‌ಗೆ ಹೊಸ ಸೌಲಭ್ಯ ಸೇರಿಸುವ ಪ್ಲಗಿನ್‌ಗಳನ್ನು ಬರೆದಿದ್ದವರು? ಜಿಟಿಕೆ ಗಿಂಪ್‌ನ ಮೇಲೆ ಹೊರಿಸಿದ ಕೆಲಸವನ್ನೇ ಗಿಂಪ್ ಅವರ ಮೇಲೆ ಹೊರಿಸಿತು: ಹಳೆಯ ಪ್ಲಗಿನ್‌ಗಳು 3.0ರಲ್ಲಿ ನಡೆಯುವುದಿಲ್ಲ, ತಿದ್ದಿ ಬರೆಯಬೇಕು.