ಅಜ್ಜಿಯ ಮಾತ್ರೆ ಡಬ್ಬಿ



ನಿಮ್ಮ ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ, ಅವರ ಮಾತ್ರೆಗಳನ್ನು ಇಡುವ ಒಂದು ಡಬ್ಬಿಯೂ ಇದ್ದೇ ಇರುತ್ತದೆ. ಅದು ಹಳೆಯ ಬಿಸ್ಕತ್ತಿನ ಡಬ್ಬಿಯಾಗಿರಬಹುದು, ಬಟ್ಟೆ ಅಂಗಡಿಯ ಚೀಲವಾಗಿರಬಹುದು. ಅದರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಒಬ್ಬ ವೈದ್ಯರು ಬರೆದದ್ದು, ರಕ್ತದೊತ್ತಡದ್ದು ಇನ್ನೊಬ್ಬರು ಬರೆದದ್ದು, ಮಂಡಿನೋವಿನದು ಯಾರೂ ಬರೆಯದೆ ಅಂಗಡಿಯಿಂದ ತಂದದ್ದು. ಒಂದೊಂದೂ ಒಳ್ಳೆಯ ಔಷಧಿಯೇ. ಆದರೆ ಅವೆಲ್ಲ ಒಂದೇ ದೇಹವನ್ನು ಸೇರಿದಾಗ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಕೆಲವು ವರ್ಷಗಳ ಹಿಂದೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಬೆಳಗಿನ ಜಾವ ಅವರ ಮೊಮ್ಮಗ ಆಸ್ಪತ್ರೆಗೆ ಕರೆತಂದ. ಪಿ.ಯು.ಸಿ. ಓದುತ್ತಿದ್ದ ಹುಡುಗ. ಅಜ್ಜಿಗೆ ಪ್ರಜ್ಞೆ ಇರಲಿಲ್ಲ. ಮೈ ಬೆವರಿ ಸೀರೆಯೆಲ್ಲ ಒದ್ದೆಯಾಗಿತ್ತು. ರಕ್ತದ ಸಕ್ಕರೆ ಡೆಸಿಲೀಟರಿಗೆ 38 ಮಿಲಿಗ್ರಾಂ ಇತ್ತು. 70ಕ್ಕಿಂತ ಕೆಳಗಿಳಿದರೆ ಸಾಕು, ನಾವು ಎಚ್ಚರಗೊಳ್ಳುತ್ತೇವೆ. ರಕ್ತನಾಳದ ಮೂಲಕ ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ಎರಡು ಗಂಟೆ ಕಳೆಯುವುದರೊಳಗೆ ಸಕ್ಕರೆ ಮತ್ತೆ ಇಳಿಯಿತು.

"ಮಾತ್ರೆ ಎರಡು ಸಲ ನುಂಗಿಬಿಟ್ಟರೇನಪ್ಪಾ?" ಎಂದು ಹುಡುಗನನ್ನು ಕೇಳಿದೆ.

"ಇಲ್ಲ ಸಾರ್, ನಾನೇ ಕೈಯಾರೆ ಕೊಡೋದು. ನಾಲ್ಕು ವರ್ಷದಿಂದ ಅದೇ ಮಾತ್ರೆ, ಅಷ್ಟೇ."

ಅವನು ಹೇಳಿದ್ದು ನಿಜವಾಗಿತ್ತು. ಬದಲಾದದ್ದು ಮಾತ್ರೆಯಲ್ಲ, ಅಜ್ಜಿಯ ಮೂತ್ರಪಿಂಡ. ರಕ್ತದ ಕ್ರಿಯಾಟಿನಿನ್ ಹಿಂದೆ 1.1 ಇದ್ದದ್ದು ಅಂದು 3.1 ಆಗಿತ್ತು. ಮೂತ್ರಪಿಂಡ ಹೊರಹಾಕಬೇಕಾದ ವಸ್ತು ರಕ್ತದಲ್ಲೇ ಉಳಿಯುತ್ತಿದೆ ಎಂದು ಇದರ ಅರ್ಥ. ಮನೆಯಿಂದ ಡಬ್ಬಿ ತರಿಸಿ ನೋಡಿದೆವು. ರಕ್ತದೊತ್ತಡಕ್ಕೆ ಎನಲಾಪ್ರಿಲ್, ನೀರಿಳಿಸುವ ಹೈಡ್ರೋಕ್ಲೋರೋಥಯಝೈಡ್ ಮತ್ತು ಅಟೆನೊಲಾಲ್. ಸಕ್ಕರೆ ಕಾಯಿಲೆಗೆ ಗ್ಲೈಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್. ಇವುಗಳ ಜೊತೆಗೆ ಮಂಡಿನೋವಿಗೆಂದು ಹತ್ತು ದಿನಗಳಿಂದ ದಿನಕ್ಕೆ ಎರಡರಂತೆ ಡೈಕ್ಲೋಫೆನಾಕ್. ಅದನ್ನು ಹುಡುಗನೇ ಅಂಗಡಿಯಿಂದ ತಂದುಕೊಟ್ಟಿದ್ದ.

ಮೂತ್ರಪಿಂಡವೊಂದರಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಪ್ರತಿಯೊಂದು ಜರಡಿಗೂ ರಕ್ತ ಒಳಬರುವ ಒಂದು ಕಿರುನಾಳ, ಹೊರಹೋಗುವ ಒಂದು ಕಿರುನಾಳ. ರಕ್ತ ಸೋಸಿಹೋಗಬೇಕಾದರೆ ಜರಡಿಯಲ್ಲಿ ಒತ್ತಡವಿರಬೇಕು. ವಯಸ್ಸಾದವರಲ್ಲಿ, ಅದರಲ್ಲೂ ದೇಹದಲ್ಲಿ ನೀರು ಕಡಿಮೆಯಾದಾಗ, ದೇಹ ಎರಡು ಉಪಾಯ ಮಾಡಿ ಈ ಒತ್ತಡವನ್ನು ಕಾಯುತ್ತದೆ. ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಒಳಬರುವ ನಾಳವನ್ನು ಅಗಲವಾಗಿಡುತ್ತವೆ. ಆಂಜಿಯೋಟೆನ್ಸಿನ್ ಎಂಬುದು ಹೊರಹೋಗುವ ನಾಳವನ್ನು ಬಿಗಿಹಿಡಿಯುತ್ತದೆ.

ಈಗ ಡಬ್ಬಿಯ ಕಡೆಗೆ ಬನ್ನಿ. ನೀರಿಳಿಸುವ ಮಾತ್ರೆಯಿಂದ ರಕ್ತದ ಪ್ರಮಾಣ ತಗ್ಗಿದೆ. ಎನಲಾಪ್ರಿಲ್ ಆಂಜಿಯೋಟೆನ್ಸಿನ್ ತಯಾರಾಗುವುದನ್ನೇ ತಡೆಯುವುದರಿಂದ ಹೊರನಾಳ ಸಡಿಲವಾಗಿದೆ. ಇಷ್ಟನ್ನು ಮೂತ್ರಪಿಂಡ ತಾಳಿಕೊಂಡಿತ್ತು. ಡೈಕ್ಲೋಫೆನಾಕ್ ಬಂದು ಪ್ರೋಸ್ಟಗ್ಲಾಂಡಿನ್ ಅನ್ನೂ ನಿಲ್ಲಿಸಿತು. ನೋವು ಕಡಿಮೆಯಾಗುವುದೇ ಹಾಗೆ! ಆದರೆ ಅದೇ ಕೆಲಸ ಮೂತ್ರಪಿಂಡದ ಒಳನಾಳವನ್ನೂ ಕಿರಿದಾಗಿಸಿತು. ಸೋಸುವ ಒತ್ತಡ ಕುಸಿಯಿತು. ಬ್ರಿಟನ್ನಿನಲ್ಲಿ ರಕ್ತದೊತ್ತಡದ ಔಷಧಿ ಸೇವಿಸುತ್ತಿದ್ದ 4,87,000ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಈ ಬಗೆಯ ಮೂರು ಔಷಧಿಗಳು ಕೂಡಿದಾಗ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬೀಳುವ ಪ್ರಮಾಣ ಶೇಕಡ 31ರಷ್ಟು ಹೆಚ್ಚಿತ್ತು. ಮೊದಲ ಮೂವತ್ತು ದಿನಗಳಲ್ಲಿ ಅದು ಶೇಕಡ 82. ಅಂದಹಾಗೆ, ನಮ್ಮ ದೇಶದ ರಣಹದ್ದುಗಳನ್ನು ನಿರ್ನಾಮದ ಅಂಚಿಗೆ ತಂದದ್ದೂ ಡೈಕ್ಲೋಫೆನಾಕೇ. ಅದನ್ನು ಕೊಟ್ಟ ದನಗಳ ಶವವನ್ನು ತಿಂದ ಹಕ್ಕಿಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಪಶುಚಿಕಿತ್ಸೆಗಾಗಿ ಅದರ ತಯಾರಿಕೆಯನ್ನು ಭಾರತ ನಿಷೇಧಿಸಿತು.

ಹಾಗಾದರೆ ಸಕ್ಕರೆ ಇಳಿದದ್ದೇಕೆ? ಗ್ಲೈಬೆನ್‌ಕ್ಲಮೈಡ್ ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೂ ಸಕ್ಕರೆ ಇಳಿಸುವ ಗುಣವನ್ನು ಸ್ವಲ್ಪ ಉಳಿಸಿಕೊಂಡಿರುತ್ತದೆ, ಮತ್ತು ಅದು ಹೊರಹೋಗಬೇಕಾದ ಒಂದು ದಾರಿ ಮೂತ್ರಪಿಂಡ. ದಾರಿ ಮುಚ್ಚಿದಾಗ ನೆನ್ನೆಯ ಮಾತ್ರೆಯ ಮೇಲೆ ಇಂದಿನದು ಕೂಡುತ್ತಾ ಹೋಯಿತು. ಇನ್ನೂ ಒಂದು ತೊಡಕು. ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದು ದೇಹ ಕೊಡುವ ಮುನ್ಸೂಚನೆ. ಅಟೆನೊಲಾಲ್ ಇವುಗಳನ್ನು ಅಡಗಿಸಬಲ್ಲದು. ಬೆವರನ್ನು ಮಾತ್ರ ಅಡಗಿಸಲಾರದು. ಅಜ್ಜಿ ರಾತ್ರಿ ಬೆವರಿದ್ದನ್ನು ಮನೆಯವರು ಕಂಡಿದ್ದರು. ಸೆಕೆ ಎಂದುಕೊಂಡು ಫ್ಯಾನು ಹಾಕಿದ್ದರು.

ಗಣಿತ ಬಲ್ಲವರು ಲೆಕ್ಕ ಹಾಕಿ ನೋಡಿ. ಆರು ಔಷಧಿಗಳಿಂದ 15 ಜೋಡಿಗಳಾಗುತ್ತವೆ, ಹತ್ತಾದರೆ 45. ವೈದ್ಯರು ಎಲ್ಲವನ್ನೂ ತೂಗಿ ನೋಡಬಲ್ಲರು, ಆದರೆ ಡಬ್ಬಿಯಲ್ಲಿರುವುದು ಅವರಿಗೆ ತಿಳಿದಿದ್ದರೆ ಮಾತ್ರ. ಬೇರೆ ಬೇರೆ ವೈದ್ಯರು, ಬೇರೆ ಬೇರೆ ಚೀಟಿ. ಇದರಲ್ಲಿ ತಪ್ಪನ್ನು ರೋಗಿಯ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ. "ಬೇರೆ ಏನು ತೆಗೆದುಕೊಳ್ಳುತ್ತೀರಿ?" ಎಂದು ಕೇಳುವುದು ನಮ್ಮ ಕರ್ತವ್ಯ. ನಾವು ಕೇಳದಿದ್ದಾಗ ನೀವು ಹೇಳಬೇಕು, ಅಷ್ಟೇ.

ಎಲ್ಲ ಔಷಧಿಗಳೂ ಹೀಗೆ ಕೂಡುತ್ತಲೇ ಹೋಗುತ್ತವೆಂದಲ್ಲ, ಕಳೆಯುವುದೂ ಉಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ, ಕೆಲವು ಸಕ್ಕರೆ ಮಾತ್ರೆಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಗಿಡಮೂಲಿಕೆಯಿಂದ ತೊಂದರೆಯಿಲ್ಲ ಎನ್ನುವವರುಂಟು. ಜ್ಯೇಷ್ಠಮಧುವನ್ನು ಬಹುದಿನ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ.

ಮಾತ್ರೆಯ ಹಾಳೆಯನ್ನು ಓದುವುದನ್ನು ನೀವು ಕಲಿಯಬಹುದು. ಅದರ ಮೇಲೆ ಕಂಪನಿ ಇಟ್ಟ ಹೆಸರೊಂದು ಇರುತ್ತದೆ. ಔಷಧಿಯ ನಿಜವಾದ ಹೆಸರು ಬೇರೆಯಾಗಿಯೇ ಇರುತ್ತದೆ, ಪ್ರಮಾಣದ ಜೊತೆಗೆ. ರಕ್ತದೊತ್ತಡದ ಮಾತ್ರೆಯ ಹೆಸರಿನ ಕೊನೆಯಲ್ಲಿ 'ಎಚ್' ಎಂಬ ಅಕ್ಷರವಿದ್ದರೆ, ಅನೇಕ ವೇಳೆ ನೀರಿಳಿಸುವ ಔಷಧಿಯೂ ಅದರಲ್ಲೇ ಸೇರಿರುತ್ತದೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟು, ಯಾವ ವೈದ್ಯರ ಬಳಿಗೆ ಹೋದರೂ ಅಂಗಡಿಗೆ ಹೋದರೂ ತೋರಿಸಿ. ಆದರೆ ನನ್ನ ಮಾತು ಕೇಳಿ ಹೆದರಿ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ; ರಕ್ತದೊತ್ತಡದ ಮಾತ್ರೆ ಬಿಟ್ಟು ಪಾರ್ಶ್ವವಾಯು ಬಡಿದವರನ್ನೂ ನಾನು ಕಂಡಿದ್ದೇನೆ.

ಆ ಅಜ್ಜಿಯ ನೋವಿನ ಮಾತ್ರೆ ನಿಲ್ಲಿಸಿದೆವು, ಗ್ಲೈಬೆನ್‌ಕ್ಲಮೈಡ್ ಬದಲಿಸಿದೆವು. ಎರಡು ವಾರಗಳಲ್ಲಿ ಕ್ರಿಯಾಟಿನಿನ್ 1.4ಕ್ಕೆ ಇಳಿಯಿತು. ಮುಂದಿನ ಸಲ ಬಂದಾಗ ಹುಡುಗ ನೋಟುಬುಕ್ಕಿನ ಹಾಳೆಯೊಂದನ್ನು ನನ್ನ ಮುಂದಿಟ್ಟ. ಹೆಸರು, ಪ್ರಮಾಣ, ಹೊತ್ತು, ಬರೆದ ವೈದ್ಯರು, ಎಲ್ಲವೂ ಗೆರೆ ಹಾಕಿ ಬರೆದಿತ್ತು. ಕೊನೆಯ ಸಾಲಿನಲ್ಲಿ ಅಜ್ಜಿ ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆಯ ಹೆಸರನ್ನೂ ಬಿಟ್ಟಿರಲಿಲ್ಲ.