ಗಣಿಯಲ್ಲಿ ಯಾವ ಮಣ್ಣು ಮೊದಲು?

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಗಣಿಯಲ್ಲಿ ಗಣಿತಕ್ಕೇನು ಕೆಲಸ ಎಂದು ಹಲವರು ನನ್ನನ್ನು ಕೇಳುತ್ತಾರೆ. ಬಾವಿ ತೋಡಿಸಿದವರಿಗೆ ಉತ್ತರ ಅರ್ಧ ಗೊತ್ತು. ಆಳಕ್ಕೆ ಇಳಿಯಬೇಕಾದರೆ ಮೇಲೆ ಅಗಲವಾಗಿ ಅಗೆಯಬೇಕು. ಇಲ್ಲದಿದ್ದರೆ ದಡ ಕುಸಿಯುತ್ತದೆ. ಸಂಡೂರಿನ ಕಬ್ಬಿಣದ ಅದಿರಿನ ತೆರೆದ ಗಣಿಗಳಲ್ಲೂ ಹಾಗೆಯೇ. ಅದಿರು ಸಿಗುವ ಮುನ್ನ ಮೇಲಿನ ಮಣ್ಣುಕಲ್ಲನ್ನು ತೆಗೆಯಬೇಕು. ಅದಕ್ಕೆ ಖರ್ಚು ಮಾತ್ರ, ವರಮಾನವಿಲ್ಲ.

ಆದ್ದರಿಂದ ಬೆಟ್ಟವನ್ನು ಇಟ್ಟಿಗೆ ಜೋಡಿಸಿದಂತೆ ತುಂಡುಗಳಾಗಿ ಭಾವಿಸಿ, ಪ್ರತಿ ತುಂಡಿಗೂ ಲಾಭ ನಷ್ಟ ಬರೆಯುತ್ತೇವೆ. ಮಕ್ಕಳೇ, ಈ ಲೆಕ್ಕ ಮಾಡಿ ನೋಡಿ. ಮೇಲಿನ ಸಾಲಿನಲ್ಲಿ ನಾಲ್ಕು ಮಣ್ಣಿನ ತುಂಡುಗಳು. ಒಂದೊಂದನ್ನು ತೆಗೆಯಲು 1 ಲಕ್ಷ ರೂಪಾಯಿ ಖರ್ಚು. ಎರಡನೆಯದರ ಮತ್ತು ಮೂರನೆಯದರ ಕೆಳಗೆ ಒಂದೊಂದು ಅದಿರಿನ ತುಂಡು. ಅದನ್ನು ತೆಗೆಯುವ ಖರ್ಚು ಕಳೆದು ತಲಾ 2.5 ಲಕ್ಷ ಉಳಿಯುತ್ತದೆ. ಒಂದು ಅದಿರಿನ ತುಂಡಿಗೆ ಅದರ ನೆತ್ತಿಯ ಮೇಲಿನದು, ಅದರ ಎಡಬಲದವು, ಹೀಗೆ ಮೂರು ಮಣ್ಣಿನ ತುಂಡು ತೆಗೆಯಬೇಕು. ಒಂದು ಅದಿರನ್ನಷ್ಟೇ ತೆಗೆದರೆ 50 ಸಾವಿರ ನಷ್ಟ. ಎರಡನ್ನೂ ತೆಗೆದರೆ 5 ಲಕ್ಷ ಬಂದು, 4 ಲಕ್ಷ ಹೋಗಿ, 1 ಲಕ್ಷ ಲಾಭ! ಬಿಡಿಯಾಗಿ ನೋಡಿದರೆ ನಷ್ಟವಾದದ್ದು ಒಟ್ಟಾಗಿ ನೋಡಿದಾಗ ಲಾಭವಾಯಿತು. ದೊಡ್ಡ ಗಣಿಯಲ್ಲಿ ಇಂಥ ತುಂಡುಗಳು ಲಕ್ಷಗಟ್ಟಲೆ. ಅವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ನಿಖರವಾಗಿ ಕಂಡುಹಿಡಿಯುವ ವಿಧಾನವನ್ನು 1965ರಲ್ಲಿ ಲರ್ಚ್ಸ್ ಮತ್ತು ಗ್ರಾಸ್‌ಮನ್ ಎಂಬಿಬ್ಬರು ಪ್ರಕಟಿಸಿದರು.

ಯಾವ ವರ್ಷ ಯಾವ ತುಂಡು ಎಂಬುದು ಇನ್ನೂ ಕಷ್ಟದ ಲೆಕ್ಕ. ಹತ್ತು ವರ್ಷದ ನಂತರ ಬರುವ ರೂಪಾಯಿಗೆ ಇಂದಿನ ರೂಪಾಯಿಯ ಬೆಲೆ ಇಲ್ಲ. ಹಾಗಾಗಿ ಒಳ್ಳೆಯ ಅದಿರನ್ನು ಬೇಗ ತೆಗೆ, ಖರ್ಚನ್ನು ಮುಂದೂಡು ಎನ್ನುತ್ತದೆ ಲೆಕ್ಕ. ಅದಕ್ಕೆ ಕಡಿವಾಣ ನಾವು ಹಾಕುವ ಷರತ್ತುಗಳು. ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ನಿಲ್ಲಿಸಿದ ಸುಪ್ರೀಂ ಕೋರ್ಟ್, 2013ರಲ್ಲಿ ಅನುಮತಿ ನೀಡುವಾಗ ಆ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಹಾಕಿತು. ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಯನ್ನೂ ಕಡ್ಡಾಯಗೊಳಿಸಿತು. ಇಳಿಜಾರು ಎಷ್ಟಿರಬೇಕು ಎಂಬುದೂ ಒಂದು ಷರತ್ತು. ಗುಡ್ಡ ಕುಸಿದರೆ ಏನಾಗುತ್ತದೆಂದು 2022ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಮಡಹಳ್ಳಿ ಕ್ವಾರಿಯಲ್ಲಿ ಕಂಡಿದ್ದೇವೆ. ಅಲ್ಲಿ ದುಡಿಯುತ್ತಿದ್ದ ಕೆಲವರು ಮನೆಗೆ ಮರಳಲಿಲ್ಲ.

ನಾವು ಬರೆಯದ ಖರ್ಚು ಕಂಪ್ಯೂಟರಿಗೆ ಕಾಣುವುದಿಲ್ಲ. ಹಳ್ಳಕ್ಕೆ ಹರಿಯುವ ಹೂಳು, ಬೆಳೆಯ ಮೇಲೆ ಕೂರುವ ಧೂಳು, ಕೂಲಿಯವನ ಜೀವ, ಇವನ್ನು ಬಿಟ್ಟರೂ ಅದು ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳೇ, ಗಣಿತವನ್ನು ಅಂಕಕ್ಕಾಗಿ ಮಾತ್ರ ಕಲಿಯಬೇಡಿ. ನಾಳೆ ನಮ್ಮ ಸೀಮೆಗೆ ಒಂದು ಕ್ವಾರಿಯ ಯೋಜನೆ ಬಂದರೆ, ಲೆಕ್ಕದಲ್ಲಿ ಏನು ಸೇರಿಸಿದ್ದೀರಿ, ಏನು ಬಿಟ್ಟಿದ್ದೀರಿ ಎಂದು ಎದ್ದು ನಿಂತು ಕೇಳುವವರು ಈ ಶಾಲೆಯವರಾಗಿರಲಿ.

ಜೈ ಹಿಂದ್, ಜೈ ಕರ್ನಾಟಕ.